ಬೆಳಿಗ್ಗೆ ಏಳದ ಗಾಡಿ, ಏರು ಹತ್ತದ ಗಾಡಿ: ಡೀಸೆಲ್ ರಿಪೇರಿಯ ಎಪ್ಪತ್ತು ವರ್ಷ

'ಬೆಳಿಗ್ಗೆ ಸೆಲ್ಫ್ ಹೊಡೆದು ಹೊಡೆದು ಸಾಕಾಗುತ್ತೆ, ಸ್ಟಾರ್ಟೇ ಆಗಲ್ಲ.' 'ಸ್ಟಾರ್ಟ್ ಆದರೂ ದಮ್ಮಿಲ್ಲ, ಏರು ಬಂದರೆ ಸೆಕೆಂಡ್ ಗೇರಿಗೆ ಇಳಿಸಬೇಕು.' ಡೀಸೆಲ್ ಗಾಡಿ ಇಟ್ಟುಕೊಂಡವರು ಗ್ಯಾರೇಜಿಗೆ ಹೋಗಿ ಹೇಳುವ ದೂರು ಹೆಚ್ಚುಕಡಿಮೆ ಈ ಎರಡೇ. ಜೀಪಿನ ಕಾಲದಲ್ಲೂ ಇದೇ ಮಾತು, ಕ್ವಾಲಿಸ್ ಕಾಲದಲ್ಲೂ ಇದೇ ಮಾತು, ಈಗಿನ ಸ್ಕಾರ್ಪಿಯೊ, ಇನ್ನೋವಾಗಳಿಗೂ ಇದೇ ಮಾತು.

ದೂರು ಬದಲಾಗಿಲ್ಲ. ಬದಲಾಗಿರುವುದು ಅದರ ಕಾರಣ ಹುಡುಕುವ ರೀತಿ, ಮತ್ತು ಕೊನೆಗೆ ಕೈಗೆ ಬರುವ ಬಿಲ್ಲು. ಹಿಂದೆ ಮೇಸ್ತ್ರಿ ಕಿವಿಗೊಟ್ಟು ಕೇಳಿ, ಹೊಗೆ ನೋಡಿ, ಹನ್ನೆರಡರ ಸ್ಪ್ಯಾನರಿನಲ್ಲಿ ಒಂದು ನಟ್ಟು ಸಡಿಲಿಸಿ 'ಎರಡನೇ ನಾಜಲ್ ಹೋಗಿದೆ' ಅನ್ನುತ್ತಿದ್ದ. ಈಗ ಸ್ಟೀರಿಂಗ್ ಕೆಳಗೆ ಒಂದು ವೈರು ಚುಚ್ಚಿ, ಪರದೆ ಮೇಲೆ ಬಂದ ಸಂಖ್ಯೆ ಓದಿ 'ನಾಲ್ಕೂ ಇಂಜೆಕ್ಟರ್ ಹಾಕಬೇಕು' ಅನ್ನುತ್ತಾರೆ. ಮಧ್ಯದಲ್ಲಿ ಏನಾಯಿತು ಅನ್ನುವುದು ನಮ್ಮ ಹಳ್ಳಿಗಳಿಗೂ ಸಂಬಂಧಪಟ್ಟ ಇತಿಹಾಸ. ಊರಲ್ಲಿ ಓಡುವ ಡೀಸೆಲ್ ಗಾಡಿಗಳಲ್ಲಿ ಬಹಳಷ್ಟು ಸೆಕೆಂಡ್ ಹ್ಯಾಂಡ್. ಒಂದು ತಪ್ಪು ರಿಪೇರಿಯ ಬಿಲ್ಲು ಒಂದು ಹಸುವಿನ ಬೆಲೆಗೆ ಸಮ.

ನಾವು ಈ ಕತೆಯನ್ನು ಮೈಸೂರಿನ ಹೆಬ್ಬಾಳದ ಕಡೆಯಿಂದ ನೋಡುತ್ತಿದ್ದೇವೆ. ಬೆಂಗಳೂರಿನ ಫ್ಲೈಓವರ್ ಹೆಬ್ಬಾಳ ಅಲ್ಲ ಇದು. ಮೈಸೂರಿನ ವಾಯವ್ಯಕ್ಕೆ ಕೆರೆ, ಕೈಗಾರಿಕಾ ಪ್ರದೇಶ, ಇನ್ಫೋಸಿಸ್ ಕ್ಯಾಂಪಸ್ ಎಲ್ಲ ಒಟ್ಟಿಗೆ ಇರುವ ಹೆಬ್ಬಾಳ. ಸುತ್ತ ಮೇಟಗಳ್ಳಿ, ಹೂಟಗಳ್ಳಿ, ಕೂರ್ಗಳ್ಳಿ. ಹುಣಸೂರು ರಸ್ತೆ, ಕೆ.ಆರ್.ಎಸ್. ರಸ್ತೆಯ ಹಳ್ಳಿಗಳಿಗೆ ಹತ್ತಿರದ ಯಂತ್ರದ ಊರು.

ಮೊದಲು ಬಂದದ್ದು ಗಿರಣಿ

ನಮ್ಮ ಊರುಗಳಿಗೆ ಡೀಸೆಲ್ ಎಂಜಿನ್ ಗಾಡಿಯಾಗಿ ಬರಲಿಲ್ಲ. ಹಿಟ್ಟಿನ ಗಿರಣಿಯಾಗಿ, ಬಾವಿಯ ಪಂಪ್‌ಸೆಟ್ಟಾಗಿ ಬಂತು. ಅವುಗಳ ಮೇಲೆ ಕಾಣುತ್ತಿದ್ದ ಹೆಸರುಗಳಲ್ಲಿ ಒಂದು ಕಿರ್ಲೋಸ್ಕರ್. ಆ ಮನೆತನದ ಲಕ್ಷ್ಮಣರಾವ್ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ, ವ್ಯಾಪಾರ ಶುರು ಮಾಡಿದ್ದು ಬೆಳಗಾವಿಯ ಸೈಕಲ್ ಅಂಗಡಿಯಲ್ಲಿ. ಡೀಸೆಲ್ ಎಂಜಿನ್ ಮಾಡುವ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ ಪುಣೆಯಲ್ಲಿ ಆರಂಭವಾದದ್ದು 1946ರಲ್ಲಿ.

ಹ್ಯಾಂಡಲ್ ಹಾಕಿ ತಿರುಗಿಸುವ ಆ ಎಂಜಿನ್ ನೆನಪಿರುವವರಿಗೆ ಒಂದು ಸಣ್ಣ ಲಿವರ್ ನೆನಪಿರಬಹುದು. ಅದನ್ನು ಎತ್ತಿ ಹಿಡಿದರೆ ಹ್ಯಾಂಡಲ್ ಸರಾಗ ತಿರುಗುತ್ತಿತ್ತು. ಚಕ್ರಕ್ಕೆ ವೇಗ ಬಂದಮೇಲೆ ಲಿವರ್ ಬಿಟ್ಟರೆ ಒಂದು ಸಲ ಗಕ್ಕನೆ ತಡೆದು, ಆಮೇಲೆ ಟುಕ್ ಟುಕ್ ಅಂತ ಹೊತ್ತಿಕೊಳ್ಳುತ್ತಿತ್ತು. ಆ ತಡೆಯೇ ಕಂಪ್ರೆಶನ್. ಡೀಸೆಲ್ ಎಂಜಿನ್ನಿನ ಇಡೀ ಗುಟ್ಟು ಅದರಲ್ಲಿದೆ.

ಪೆಟ್ರೋಲ್ ಎಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ ಕಿಡಿ ಹಚ್ಚುತ್ತದೆ. ಡೀಸೆಲ್‌ನಲ್ಲಿ ಕಿಡಿಯೇ ಇಲ್ಲ. ಸಿಲಿಂಡರಿನ ಗಾಳಿಯನ್ನು ಹದಿನಾರು, ಹದಿನೆಂಟು, ಕೆಲವು ಎಂಜಿನ್ನುಗಳಲ್ಲಿ ಇಪ್ಪತ್ತೆರಡು ಪಟ್ಟು ಒತ್ತಿ ಕುಗ್ಗಿಸುತ್ತಾರೆ. ಸೈಕಲ್ ಪಂಪಿನ ಬುಡ ಬಿಸಿಯಾಗುವ ಹಾಗೆ ಆ ಗಾಳಿ 500 ಡಿಗ್ರಿ ಸೆಲ್ಸಿಯಸ್ ದಾಟಿ ಕಾಯುತ್ತದೆ. ಆ ಬಿಸಿ ಗಾಳಿಗೆ ಸರಿಯಾದ ಕ್ಷಣದಲ್ಲಿ ಡೀಸೆಲ್ಲನ್ನು ಮಂಜಿನಂತೆ ಚಿಮ್ಮಿಸಿದರೆ ತಾನೇ ಹೊತ್ತಿಕೊಳ್ಳುತ್ತದೆ. ಅಂದರೆ ಬೇಕಾದದ್ದು ಮೂರು: ಸಾಕಷ್ಟು ಬಿಸಿ, ಸಾಕಷ್ಟು ಗಾಳಿ, ಹೊತ್ತಿಗೆ ಸರಿಯಾಗಿ ಸಣ್ಣ ಹನಿಯಾಗಿ ಬೀಳುವ ಡೀಸೆಲ್. ಸ್ಟಾರ್ಟ್ ಆಗದಿದ್ದರೂ ದಮ್ಮಿಲ್ಲದಿದ್ದರೂ ಎಂಜಿನ್ನಿನ ಮಟ್ಟಿಗೆ ಈ ಮೂರರಲ್ಲಿ ಒಂದು ಕೈಕೊಟ್ಟಿದೆ.

ಗಿರಣಿಯವರಿಗೆ ಈ ಪಾಠ ಯಾರೂ ಹೇಳಿಕೊಡಬೇಕಿರಲಿಲ್ಲ. ಲಿವರ್ ಬಿಟ್ಟಮೇಲೂ ಹ್ಯಾಂಡಲ್ ತಡೆಯಿಲ್ಲದೆ ತಿರುಗಿದರೆ ರಿಂಗ್ ಸವೆದಿದೆ ಅಥವಾ ವಾಲ್ವ್ ಕೂರುತ್ತಿಲ್ಲ ಅಂತ ರಟ್ಟೆಗೇ ಗೊತ್ತಾಗುತ್ತಿತ್ತು. ಈಗ ಗೇಜ್ ಹಾಕಿ ಮಾಡುವ ಕಂಪ್ರೆಶನ್ ಟೆಸ್ಟನ್ನು ಅವರು ದಿನಾ ಬೆಳಿಗ್ಗೆ ಬರಿಗೈಯಲ್ಲಿ ಮಾಡುತ್ತಿದ್ದರು. ಸೆಲ್ಫ್ ಮೋಟರ್ ಬಂದಮೇಲೆ ಆ ತಿಳಿವಳಿಕೆ ಕೈಯಿಂದ ಜಾರಿತು.

ಆಡುಗೋಡಿಯ ಪಂಪು

ಜರ್ಮನಿಯ ರುಡಾಲ್ಫ್ ಡೀಸೆಲ್ ತನ್ನ ಎಂಜಿನ್ನನ್ನು ಆಗ್ಸ್‌ಬರ್ಗ್ ಊರಿನಲ್ಲಿ ಯಶಸ್ವಿಯಾಗಿ ಓಡಿಸಿ ತೋರಿಸಿದ್ದು 1897ರಲ್ಲಿ. ಆದರೆ ಅದು ಮನೆಯಷ್ಟು ಎತ್ತರದ ಯಂತ್ರ. ಎಣ್ಣೆಯನ್ನು ಸಿಲಿಂಡರಿಗೆ ಊದಲು ಬೇರೆ ಗಾಳಿ ಕಂಪ್ರೆಸರ್ ಬೇಕಿತ್ತು. ಕಾರ್ಖಾನೆಗೆ, ಹಡಗಿಗೆ ಸರಿ, ರಸ್ತೆಗೆ ಆಗದು. 1927ರಲ್ಲಿ ಬಾಷ್ ಕಂಪನಿ ಚಿಕ್ಕ ಇಂಜೆಕ್ಷನ್ ಪಂಪನ್ನು ಸಾಲು ಸಾಲಾಗಿ ತಯಾರಿಸಲು ಶುರು ಮಾಡಿದ ಮೇಲೆಯೇ ಡೀಸೆಲ್ ಲಾರಿಗೆ ದಾರಿ ಸಲೀಸಾಯಿತು. ಎಂಜಿನ್ ಕಂಡುಹಿಡಿದವನ ಹೆಸರು ಎಲ್ಲರಿಗೂ ಗೊತ್ತು. ನಮ್ಮ ಲೆಕ್ಕದಲ್ಲಿ ರಸ್ತೆಯ ಡೀಸೆಲ್ ಚರಿತ್ರೆ ಎಂದರೆ ಪಂಪಿನ ಚರಿತ್ರೆ.

ಆ ಪಂಪು ಕನ್ನಡನಾಡಿಗೆ ಬೇಗನೇ ಬಂತು. ಬಾಷ್‌ನ ಭಾರತದ ಕಂಪನಿ ಮೋಟರ್ ಇಂಡಸ್ಟ್ರೀಸ್ ಕಂಪನಿ, ಜನರ ಬಾಯಲ್ಲಿ 'ಮೈಕೋ', 1951ರಲ್ಲಿ ನೋಂದಣಿಯಾಗಿ 1953ರಿಂದ ಬೆಂಗಳೂರಿನ ಆಡುಗೋಡಿಯಲ್ಲಿ ತಯಾರಿಕೆ ಆರಂಭಿಸಿತು. ಬೆಂಗಳೂರಿನ ಮೈಕೋ ಲೇಔಟ್ ಎಂಬ ಹೆಸರು ಬಂದದ್ದು ಇದರಿಂದಲೇ. ಅದಕ್ಕೆ ಐದು ವರ್ಷ ಮೊದಲು, 1948ರ ಸೆಪ್ಟೆಂಬರ್ 12ರಂದು, ಮೈಸೂರು ಸರ್ಕಾರ 120 ಬಸ್ಸುಗಳೊಂದಿಗೆ ಸಾರಿಗೆ ಇಲಾಖೆ ಶುರು ಮಾಡಿತ್ತು. ಇಂದಿನ ಕೆ.ಎಸ್.ಆರ್.ಟಿ.ಸಿ.ಯ ಬೇರು ಅದು. ಬಸ್ಸು, ಲಾರಿ, ಟ್ರ್ಯಾಕ್ಟರ್ ಹೆಚ್ಚಿದಂತೆ ಜಿಲ್ಲಾ ಕೇಂದ್ರಗಳಲ್ಲಿ ಪಂಪ್ ರಿಪೇರಿ ಅಂಗಡಿಗಳು ತಲೆಯೆತ್ತಿದವು. 'ಮೈಕೋ ಪಂಪ್' ಎನ್ನುವುದು ಕಂಪನಿಯ ಹೆಸರು ಹೋಗಿ ವಸ್ತುವಿನ ಹೆಸರೇ ಆಯಿತು. 2008ರಲ್ಲಿ ಮೈಕೋ ಹೆಸರು ಅಳಿದು ಬಾಷ್ ಲಿಮಿಟೆಡ್ ಆಯಿತು. ಹಳೆ ಮೇಸ್ತ್ರಿಗಳ ಬಾಯಲ್ಲಿ ಅಳಿದಿಲ್ಲ.

ಆ ಕಾಲದ ಡೀಸೆಲ್ ವ್ಯವಸ್ಥೆ ಪೂರ್ತಿ ಕಬ್ಬಿಣದ್ದು. ಟ್ಯಾಂಕಿನಿಂದ ಫಿಲ್ಟರ್, ಫಿಲ್ಟರಿನಿಂದ ಪಂಪ್, ಪಂಪಿನಿಂದ ಒಂದೊಂದು ಸಿಲಿಂಡರಿಗೆ ಒಂದೊಂದು ಉಕ್ಕಿನ ಪೈಪು, ಪೈಪಿನ ತುದಿಯಲ್ಲಿ ನಾಜಲ್. ನಾಜಲ್ ಬಾಯಿ ಬಿಡುತ್ತಿದ್ದದ್ದು ಸುಮಾರು 120ರಿಂದ 200 ಬಾರ್ ಒತ್ತಡಕ್ಕೆ. ಕಾರಿನ ಟೈರಿನಲ್ಲಿ ಇರುವುದು ಎರಡು ಬಾರಿಗಿಂತ ಸ್ವಲ್ಪ ಹೆಚ್ಚು ಅಂದುಕೊಂಡರೆ ಅಳತೆ ಸಿಗುತ್ತದೆ.

ಎಲ್ಲವೂ ಕಣ್ಣಿಗೆ ಕಾಣುತ್ತಿದ್ದುದರಿಂದ ಹುಡುಕುವ ದಾರಿಯೂ ಸರಳವಿತ್ತು. ಎಂಜಿನ್ ತಗ್ಗಿನಲ್ಲಿ ಓಡುವಾಗ ಒಂದೊಂದೇ ನಾಜಲ್ಲಿನ ಪೈಪಿನ ನಟ್ಟು ಸಡಿಲಿಸುತ್ತ ಹೋಗುವುದು. ಸಡಿಲಿಸಿದ ತಕ್ಷಣ ಸದ್ದು ಕುಂಟಿದರೆ ಆ ಸಿಲಿಂಡರ್ ಕೆಲಸ ಮಾಡುತ್ತಿತ್ತು ಅಂತ ಅರ್ಥ. ಸಡಿಲಿಸಿದರೂ ಸದ್ದು ಬದಲಾಗದಿದ್ದರೆ ಕಳ್ಳ ಅಲ್ಲೇ ಇದ್ದಾನೆ. ಮನೆಯಲ್ಲಿ ಯಾರು ಕೆಲಸ ಮಾಡುತ್ತಾರೆ ಅಂತ ತಿಳಿಯಬೇಕಾದರೆ ಒಬ್ಬೊಬ್ಬರನ್ನೇ ಒಂದು ದಿನ ಊರಿಗೆ ಕಳಿಸಿ ನೋಡುವ ಹಾಗೆ.

ಬೆಳಿಗ್ಗೆ ಮಾತ್ರ ತೊಂದರೆ ಕೊಡುವ ಗಾಡಿಗೆ ಇನ್ನೊಂದು ಪರೀಕ್ಷೆ. ರಾತ್ರಿಯಿಡೀ ನಿಂತಾಗ ಎಲ್ಲೋ ಒಂದು ಸಡಿಲ ಕ್ಲಿಪ್ಪು, ಬಿರುಕು ಬಿಟ್ಟ ರಬ್ಬರ್ ಪೈಪು, ಫಿಲ್ಟರಿನ ಹಳೆ ವಾಷರ್ ಮೂಲಕ ಗಾಳಿ ಒಳಗೆ ಹೋಗುತ್ತದೆ, ಡೀಸೆಲ್ ಟ್ಯಾಂಕಿಗೆ ವಾಪಸ್ ಇಳಿಯುತ್ತದೆ. ಬೆಳಿಗ್ಗೆ ಪಂಪಿಗೆ ಸಿಗುವುದು ಬರೀ ಗಾಳಿ. 'ಏರ್ ಹಿಡಿದಿದೆ' ಅನ್ನುವುದು ಇದಕ್ಕೇ. ಫಿಲ್ಟರ್ ಮೇಲಿನ ಕೈಪಂಪನ್ನು ಒತ್ತಿ ಗಟ್ಟಿಯಾಗುವವರೆಗೆ ಡೀಸೆಲ್ ತುಂಬಿಸಿ ಸೆಲ್ಫ್ ಹೊಡೆದಾಗ ತಕ್ಷಣ ಸ್ಟಾರ್ಟ್ ಆದರೆ ರೋಗ ಸಿಕ್ಕಿತು: ನಾಜಲ್ ಅಲ್ಲ, ಪಂಪ್ ಅಲ್ಲ, ಎಲ್ಲೋ ಗಾಳಿ ಎಳೆಯುತ್ತಿದೆ. ಔಷಧ ಒಂದು ಕ್ಲಿಪ್ಪು. ಈ ಪರೀಕ್ಷೆ ಇವತ್ತಿಗೂ, ಕೈಪಂಪ್ ಇರುವ ಕಾಮನ್ ರೈಲ್ ಗಾಡಿಗಳಲ್ಲೂ, ಮೊದಲು ಮಾಡಬೇಕಾದದ್ದು.

ಕಬ್ಬಿಣ ಬಲ್ಲ ಊರು

ಮೈಸೂರಿನ ಈ ಅಂಚಿಗೆ ಯಂತ್ರದ ಕೆಲಸ ಬಂದ ಬಗೆಯನ್ನೂ ಹೇಳಬೇಕು. 1961ರಲ್ಲಿ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಬೈಕ್ ಕಾರ್ಖಾನೆ ಶುರುವಾಯಿತು, 1996ರಲ್ಲಿ ಮುಚ್ಚಿತು. ಕೆ.ಆರ್.ಎಸ್. ರಸ್ತೆಯಲ್ಲಿ ವಿಕ್ರಾಂತ್ ಟೈರ್ಸ್ ಬಂತು. ಹೂಟಗಳ್ಳಿಯಲ್ಲಿ ಲಾರಿಗಳ ಹಿಂದಿನ ಆಕ್ಸಲ್ ಮಾಡುವ ಆಟೋಮೋಟಿವ್ ಆಕ್ಸಲ್ಸ್ 1981ರಲ್ಲಿ ಸ್ಥಾಪನೆಯಾಯಿತು. ಬೆಮೆಲ್‌ನ ಮೈಸೂರು ಘಟಕದಲ್ಲಿ ದೊಡ್ಡ ಡಂಪರ್‌ಗಳ ಜೊತೆ ಡೀಸೆಲ್ ಎಂಜಿನ್ನುಗಳೂ ತಯಾರಾದವು. ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಇಂಥ ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗ ಕೊಡುವ ಸಣ್ಣ ಶೆಡ್‌ಗಳು ತುಂಬಿದವು. ಲೇತ್, ಗ್ರೈಂಡಿಂಗ್, ಬೋರಿಂಗ್ ಬಲ್ಲ ಕೈಗಳು ಇದ್ದಲ್ಲಿ ಎಂಜಿನ್ ಬಿಚ್ಚುವ ಧೈರ್ಯವೂ ಇರುತ್ತದೆ.

ಆದರೆ ಇಂಜೆಕ್ಷನ್ ಪಂಪಿನ ಒಳಗಿನ ಪ್ಲಂಜರ್ ಮತ್ತು ಅದರ ಬ್ಯಾರೆಲ್ ನಡುವಿನ ಸಂದು ಎರಡು ಮೂರು ಮೈಕ್ರಾನ್. ತಲೆಗೂದಲಿನ ದಪ್ಪವೇ ಐವತ್ತು ಮೈಕ್ರಾನ್ ಮೇಲಿರುತ್ತದೆ. ಊರ ಗ್ಯಾರೇಜಿನಲ್ಲಿ ಎಂಜಿನ್ ಬಿಚ್ಚಬಹುದು, ಪಂಪು ಬಿಚ್ಚಬಾರದು. ಅದಕ್ಕೆ ಟೆಸ್ಟ್ ಬೆಂಚ್ ಇರುವ ಅಂಗಡಿ ಬೇಕು. ಹಳೇ ಮೇಸ್ತ್ರಿಗಳು ಪಂಪನ್ನು ಬಟ್ಟೆಯಲ್ಲಿ ಸುತ್ತಿ ಬಸ್ಸಿನಲ್ಲಿ ಸಿಟಿಗೆ ಕಳಿಸುತ್ತಿದ್ದುದು ಈ ಕಾರಣಕ್ಕೆ.

ಜೀಪಿನಿಂದ ಕ್ವಾಲಿಸ್‌ಗೆ

ಸ್ವಾತಂತ್ರ್ಯದ ಹೊತ್ತಿನಲ್ಲಿ ಮಹೀಂದ್ರ ಜೋಡಿಸಲು ಶುರು ಮಾಡಿದ ವಿಲ್ಲಿಸ್ ಜೀಪು ಪೆಟ್ರೋಲ್ ಗಾಡಿ. ಡೀಸೆಲ್ ಆಮೇಲೆ ಬಂತು. 1979ರಲ್ಲಿ ಮಹೀಂದ್ರ ಫ್ರಾನ್ಸಿನ ಪ್ಯೂಜೊ ಕಂಪನಿಯ ಡೀಸೆಲ್ ಎಂಜಿನ್ ಮಾಡುವ ಪರವಾನಗಿ ಪಡೆಯಿತು. ಬಾಡಿಗೆ ಜೀಪಿನಲ್ಲಿ ಹತ್ತು ಹದಿನೈದು ಜನ ತೂಗಾಡುತ್ತ ಸಂತೆಗೆ ಹೋದ ಕಾಲ ಅದರ ನಂತರದ್ದು. 1994ರಲ್ಲಿ ಟಾಟಾ ಸುಮೊ, 2000ದಲ್ಲಿ ಬೊಲೆರೊ.

ಅದೇ 2000ದ ಜನವರಿಯಲ್ಲಿ ಬೆಂಗಳೂರು–ಮೈಸೂರು ರಸ್ತೆಯ ಬಿಡದಿಯಿಂದ ಟೊಯೊಟ ಕ್ವಾಲಿಸ್ ಹೊರಬಂತು. ಜಪಾನಿನ ಕಂಪನಿ, ಕಿರ್ಲೋಸ್ಕರ್ ಪಾಲುದಾರಿಕೆ, ಕರ್ನಾಟಕದ ಕಾರ್ಖಾನೆ. ಗಿರಣಿ ಎಂಜಿನ್ನಿನ ಹೆಸರು ಹೀಗೆ ಸುತ್ತಿ ಬಳಸಿ ಮದುವೆ ದಿಬ್ಬಣದ ಗಾಡಿಯ ಮೇಲೂ ಬಂತು. 2.4 ಲೀಟರಿನ ಅದರ ಎಂಜಿನ್ನಿಗೆ ಕಂಪ್ಯೂಟರ್ ಹಂಗಿಲ್ಲದ ಯಾಂತ್ರಿಕ ಪಂಪು. 2005ರಲ್ಲಿ ತಯಾರಿಕೆ ನಿಂತರೂ ರಸ್ತೆಯಿಂದ ಬೇಗ ಹೋಗಲಿಲ್ಲ.

ಈ ಪೀಳಿಗೆಯ ಹಲವು ಎಂಜಿನ್ನುಗಳಲ್ಲಿ ಡೀಸೆಲ್ ನೇರವಾಗಿ ಸಿಲಿಂಡರಿಗೆ ಬೀಳದೆ ಪಕ್ಕದ ಒಂದು ಸಣ್ಣ ಗೂಡಿಗೆ ಬೀಳುತ್ತದೆ. ಸದ್ದು ಕಡಿಮೆ, ಓಟ ಮೃದು. ಆದರೆ ತಣ್ಣಗಿರುವಾಗ ಆ ಗೂಡಿನ ಗೋಡೆ ಬಿಸಿಯನ್ನೆಲ್ಲ ಹೀರಿಬಿಡುತ್ತದೆ. ಅದಕ್ಕೇ ಹೀಟರ್ ಪ್ಲಗ್. ಕೀ ತಿರುಗಿಸಿ, ಸುರುಳಿ ಆಕಾರದ ಹಳದಿ ದೀಪ ಆರುವವರೆಗೆ ಕಾದು ಸೆಲ್ಫ್ ಹೊಡೆಯಬೇಕು. ಸುಮಾರು 1150 ಮೀಟರ್ ಎತ್ತರದ ಮಡಿಕೇರಿಯ ಚಳಿಯಲ್ಲಿ ನಿಂತ ಗಾಡಿಗೂ ಮೈಸೂರಿನ ಬಯಲಲ್ಲಿ ನಿಂತ ಗಾಡಿಗೂ ಬೆಳಗಿನ ಹಟದಲ್ಲಿ ವ್ಯತ್ಯಾಸ ಇರುವುದು ಇದರಿಂದ. ನಾಲ್ಕು ಪ್ಲಗ್ಗಿನಲ್ಲಿ ಎರಡು ಸುಟ್ಟಿದ್ದರೆ ಗಾಡಿ ಕುಂಟುತ್ತ, ಬಿಳಿ ಹೊಗೆ ಬಿಡುತ್ತ ಎದ್ದು, ಎರಡು ನಿಮಿಷದಲ್ಲಿ ಸರಿಹೋಗುತ್ತದೆ.

ಬ್ಯಾಟರಿಯನ್ನೂ ಇಲ್ಲೇ ಹೇಳಿಬಿಡುತ್ತೇವೆ, ಯಾಕೆಂದರೆ ಮರೆಯುವವರೇ ಹೆಚ್ಚು. ಸೆಲ್ಫ್ ನಿಧಾನ ತಿರುಗಿದರೆ ಒತ್ತಿದ ಗಾಳಿ ರಿಂಗಿನ ಸಂದಿನಲ್ಲಿ ಸೋರಿ, ಬಿಸಿ ಹುಟ್ಟುವುದೇ ಇಲ್ಲ. ಎಂಜಿನ್ ತಿರುಗುತ್ತಿದೆಯಲ್ಲ ಅಂತ ಬ್ಯಾಟರಿಯನ್ನು ಬಿಟ್ಟುಕೊಟ್ಟು ನಾಜಲ್ ಬಿಚ್ಚುವುದು ಹಳೆಯ ತಪ್ಪು. ಇಳಿಜಾರಿನಲ್ಲಿ ತಳ್ಳಿದಾಗ ಸಲೀಸಾಗಿ ಸ್ಟಾರ್ಟ್ ಆಗುವ ಗಾಡಿಯಲ್ಲಿ ಮೊದಲು ನೋಡಬೇಕಾದದ್ದು ಬ್ಯಾಟರಿ, ಅದರ ತುದಿಯ ಬೂಷ್ಟು, ಅರ್ಥ್ ವೈರು, ಸೆಲ್ಫ್ ಮೋಟರ್. ಗಾಳಿ ಬಾಯಿಗೆ ಪೆಟ್ರೋಲ್ ಅದ್ದಿದ ಬಟ್ಟೆ ಹಿಡಿಯುವ ಉಪಾಯವನ್ನು ಮಾತ್ರ ಯಾರೂ ಮಾಡಬೇಡಿ. ಕಾದ ಹೀಟರ್ ಪ್ಲಗ್ಗಿಗೆ ಅದು ತಾಗಿದರೆ ಹೊತ್ತಬಾರದ ಹೊತ್ತಲ್ಲಿ ಹೊತ್ತಿ ಪಿಸ್ಟನ್ ಒಡೆಯಬಹುದು, ಮುಖ ಸುಡಬಹುದು.

ಹೊಗೆಯ ಭಾಷೆಯನ್ನು ಚಾಲಕರೆಲ್ಲ ಬಲ್ಲರು. ಬಿಳಿ ಹೊಗೆ ಅಂದರೆ ಡೀಸೆಲ್ ಬಿದ್ದಿದೆ, ಬಿಸಿ ಸಾಲದೆ ಉರಿದಿಲ್ಲ. ಕರಿ ಹೊಗೆ ಅಂದರೆ ಡೀಸೆಲ್ ಹೆಚ್ಚು ಅಥವಾ ಗಾಳಿ ಕಡಿಮೆ. ನೀಲಿ ಅಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಸೆಲ್ಫ್ ಹೊಡೆಯುವಾಗ ಯಾವ ಹೊಗೆಯೂ ಬರದಿದ್ದರೆ ಸಿಲಿಂಡರಿಗೆ ಡೀಸೆಲ್ಲೇ ಬರುತ್ತಿಲ್ಲ. ಈ ಕೊನೆಯದು ಎಲ್ಲಕ್ಕಿಂತ ಉಪಯೋಗದ ಸುಳಿವು, ನಾವು ಕೇಳಿಸಿಕೊಳ್ಳುವುದು ಕಡಿಮೆ.

ಸೀಮೆಎಣ್ಣೆಯ ವರ್ಷಗಳು

ಇನ್ನೊಂದು ದೂರು ಇತ್ತು: ಬೆಳಿಗ್ಗೆ ಸರಿಯಾಗಿ ಏಳುತ್ತದೆ, ದೂರ ಓಡಿಸಿ ಟೀ ಕುಡಿಯಲು ನಿಲ್ಲಿಸಿದರೆ ಮತ್ತೆ ಸ್ಟಾರ್ಟ್ ಆಗುವುದಿಲ್ಲ. ಅರ್ಧ ಗಂಟೆ ಬಿಟ್ಟರೆ ಆಗುತ್ತದೆ. ಇದು ಸವೆದ ಪಂಪಿನ ಗುರುತು. ಕಾದ ಡೀಸೆಲ್ ತೆಳುವಾಗಿ, ಸವೆದ ಪ್ಲಂಜರಿನ ಸಂದಿನಲ್ಲಿ ಜಾರಿ, ನಾಜಲ್ ತೆರೆಯುವಷ್ಟು ಒತ್ತಡವೇ ಏರುವುದಿಲ್ಲ. ಮೇಸ್ತ್ರಿಗಳು ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಕಾಯುತ್ತಿದ್ದರು. ತಣ್ಣಗಾದಮೇಲೆ ಸ್ಟಾರ್ಟ್ ಆದರೆ ತೀರ್ಪು ಬಂದಂತೆ.

ಪಂಪು ಹೊತ್ತಿಗೆ ಮುಂಚೆ ಸವೆಯಲು ಒಂದು ದೊಡ್ಡ ಕಾರಣ ಕಲಬೆರಕೆ. ಪಂಪಿನ ಒಳಭಾಗಕ್ಕೆ ಬೇರೆ ಗ್ರೀಸ್ ಇಲ್ಲ, ಹಾದುಹೋಗುವ ಡೀಸೆಲ್ಲೇ ಅದಕ್ಕೆ ಜಿಡ್ಡು. ರೇಷನ್ ಸೀಮೆಎಣ್ಣೆ ಡೀಸೆಲ್‌ಗಿಂತ ಬಹಳ ಅಗ್ಗವಾಗಿದ್ದ ವರ್ಷಗಳಲ್ಲಿ ಅದನ್ನು ಡೀಸೆಲ್‌ಗೆ ಬೆರೆಸುವ ದಂಧೆ ದೇಶದ ತುಂಬ ಇತ್ತು. ಸೀಮೆಎಣ್ಣೆಯಲ್ಲಿ ಜಿಡ್ಡು ಕಡಿಮೆ. ಗಾಡಿ ಓಡುತ್ತದೆ, ಪಂಪು ಒಳಗೊಳಗೇ ಸವೆಯುತ್ತದೆ.

ಈ ದಂಧೆಗೆ ಎದುರು ನಿಂತು ಪ್ರಾಣ ಕೊಟ್ಟವನೊಬ್ಬ ನಮ್ಮವನು. ಕೋಲಾರ ಚಿನ್ನದ ಗಣಿಯ ಹುಡುಗ ಎಸ್. ಮಂಜುನಾಥ್. ಮೈಸೂರಿನ ಎಸ್.ಜೆ.ಸಿ.ಇ.ಯಲ್ಲಿ ಎಂಜಿನಿಯರಿಂಗ್, ಲಖನೌ ಐ.ಐ.ಎಂ.ನಲ್ಲಿ ಎಂ.ಬಿ.ಎ. ಮುಗಿಸಿ ಇಂಡಿಯನ್ ಆಯಿಲ್‌ನಲ್ಲಿ ಅಧಿಕಾರಿಯಾಗಿದ್ದರು. ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿ ಕಲಬೆರಕೆ ಇಂಧನ ಮಾರುತ್ತಿದ್ದ ಬಂಕಿಗೆ ಬೀಗ ಹಾಕಿಸಿದ್ದರು. 2005ರ ನವೆಂಬರ್ 19ರಂದು ಅವರನ್ನು ಗುಂಡಿಟ್ಟು ಕೊಂದರು. ವಯಸ್ಸು 27. ಮುಖ್ಯ ಅಪರಾಧಿಗಳ ಜೀವಾವಧಿ ಶಿಕ್ಷೆಯನ್ನು 2015ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಅವರು ಓದಿದ ಕಾಲೇಜು ಮಾನಸಗಂಗೋತ್ರಿಯ ಪಕ್ಕ ಇದೆ, ಹೆಬ್ಬಾಳದಿಂದ ಕೆಲವೇ ಕಿಲೋಮೀಟರ್. ಪಂಪಿನ ಸವೆತ ಬರೀ ಮೆಕ್ಯಾನಿಕ್ ವಿಷಯ ಅಲ್ಲ ಅನ್ನುವುದಕ್ಕೆ ಈ ಹೆಸರು ಇಲ್ಲಿ ಬಂತು.

2005ರ ನಂತರ

ಕ್ವಾಲಿಸ್ ನಿಂತ ವರ್ಷವೇ ಬಿಡದಿಯಿಂದ ಇನ್ನೋವಾ ಬಂತು. ಅದರ ಡೀಸೆಲ್ ಎಂಜಿನ್ ಕಾಮನ್ ರೈಲ್. ಜಗತ್ತಿನಲ್ಲಿ ಈ ತಂತ್ರ ಕಾರುಗಳಿಗೆ ಬಂದದ್ದು 1997ರಲ್ಲಿ, ಇಟಲಿಯ ಆಲ್ಫಾ ರೋಮಿಯೊ ಗಾಡಿಯಲ್ಲಿ. ಭಾರತದಲ್ಲಿ 2002ರ ಹ್ಯುಂಡೈ ಆಕ್ಸೆಂಟ್ ಮೊದಲಿಗರಲ್ಲಿ ಒಂದು. ಆಮೇಲೆ ಸ್ಕಾರ್ಪಿಯೊ, ಇನ್ನೋವಾ, ಕೊನೆಗೆ ಬೊಲೆರೊ ಕೂಡ.

ಇಲ್ಲಿ ಪಂಪು ಒಂದೊಂದು ಸಿಲಿಂಡರಿಗೆ ಲೆಕ್ಕ ಹಾಕಿ ಡೀಸೆಲ್ ಕಳಿಸುವುದಿಲ್ಲ. ಒಂದು ದಪ್ಪ ಉಕ್ಕಿನ ಕೊಳವೆಯಲ್ಲಿ, ಅದೇ 'ರೈಲ್', ಡೀಸೆಲ್ಲನ್ನು ವಿಪರೀತ ಒತ್ತಡದಲ್ಲಿ ತುಂಬಿ ಇಡುತ್ತದೆ. ಮೊದಲ ಪೀಳಿಗೆಯಲ್ಲೇ 1350 ಬಾರ್, ಈಗ 2000 ಬಾರ್. ಟೈರಿನ ಒತ್ತಡದ ಸುಮಾರು ಸಾವಿರ ಪಟ್ಟು. ಯಾವ ಇಂಜೆಕ್ಟರ್ ಯಾವಾಗ, ಎಷ್ಟು ಹೊತ್ತು ಬಾಯಿ ತೆರೆಯಬೇಕು ಅನ್ನುವುದನ್ನು ಕಂಪ್ಯೂಟರ್ ಹೇಳುತ್ತದೆ. ಹೊಗೆ ಕಡಿಮೆಯಾಯಿತು, ಸದ್ದು ತಗ್ಗಿತು, ಎಳೆತ ಹೆಚ್ಚಿತು.

ಹಳೆ ಪರೀಕ್ಷೆಗಳು ಮಾತ್ರ ಒಂದೇ ಏಟಿಗೆ ಹೋದವು. ಓಡುತ್ತಿರುವ ಕಾಮನ್ ರೈಲ್ ಎಂಜಿನ್ನಿನಲ್ಲಿ ನಾಜಲ್ ಪೈಪಿನ ನಟ್ಟು ಸಡಿಲಿಸಿದರೆ ಚಿಮ್ಮುವ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ, ಕೈಯನ್ನೇ ಕಳೆದುಕೊಳ್ಳಬೇಕಾಗಬಹುದು. ಹಳೇ ಅಭ್ಯಾಸದ ಯಾರಾದರೂ ಹಾಗೆ ಮಾಡಲು ಹೊರಟರೆ ದಯವಿಟ್ಟು ತಡೆಯಿರಿ.

ಸ್ಟಾರ್ಟ್ ಆಗದ ಕಾರಣವೂ ರೂಪ ಬದಲಿಸಿತು. ಸೆಲ್ಫ್ ತಿರುಗುವಾಗ ರೈಲಿನ ಒತ್ತಡ ಸುಮಾರು 200–250 ಬಾರ್ ತಲುಪುವವರೆಗೆ ಕಂಪ್ಯೂಟರ್ ಇಂಜೆಕ್ಟರುಗಳಿಗೆ ಅಪ್ಪಣೆಯನ್ನೇ ಕೊಡುವುದಿಲ್ಲ. ಒತ್ತಡ ಸೋರಿದರೆ ಎಷ್ಟು ಸೆಲ್ಫ್ ಹೊಡೆದರೂ ಮೌನ. ಸೋರುವ ಜಾಗಗಳಲ್ಲಿ ಮುಖ್ಯವಾದದ್ದು ಸವೆದ ಇಂಜೆಕ್ಟರಿನ ವಾಪಸ್ ಪೈಪು. ಅದನ್ನು ಹಿಡಿಯಲು ಬುದ್ಧಿವಂತ ಮೆಕ್ಯಾನಿಕ್ಕುಗಳು ಮಾಡುವ ಪರೀಕ್ಷೆ ಹಳ್ಳಿಯ ಡೇರಿಯ ಲೆಕ್ಕದಷ್ಟೇ ಸರಳ: ನಾಲ್ಕು ಇಂಜೆಕ್ಟರಿನ ವಾಪಸ್ ಪೈಪಿಗೆ ನಾಲ್ಕು ಅಳತೆ ಬಾಟಲಿ ಕಟ್ಟಿ ಸ್ವಲ್ಪ ಹೊತ್ತು ಓಡಿಸುವುದು. ಮೂರರಲ್ಲಿ ಸಮ ಇದ್ದು ಒಂದರಲ್ಲಿ ಎರಡು ಪಟ್ಟು ತುಂಬಿದರೆ ಆ ಒಂದೇ ಇಂಜೆಕ್ಟರ್ ಕೆಟ್ಟಿದೆ. ವಾಪಸ್ ಪೈಪಿನಲ್ಲಿ ಒತ್ತಡ ಕಡಿಮೆ, ಈ ಕೆಲಸ ಬಲ್ಲವರು ಮಾಡಿದರೆ ಅಪಾಯವಿಲ್ಲ. ನಾಲ್ಕೂ ಬದಲಿಸಬೇಕು ಅನ್ನುವವರ ಮುಂದೆ 'ಬಾಟಲಿ ಟೆಸ್ಟ್ ಮಾಡಿ ತೋರಿಸಿ' ಅಂತ ಕೇಳುವ ಹಕ್ಕು ಗಾಡಿಯವರಿಗೆ ಇದೆ.

ಸ್ಕ್ಯಾನರ್ ವಿಷಯದಲ್ಲೂ ಒಂದು ಮಾತು. ಹೊಗೆ ನಿಯಮಗಳ ಜೊತೆಗೆ ಗಾಡಿಯೊಳಗೇ ದೋಷ ಬರೆದಿಡುವ ವ್ಯವಸ್ಥೆ ಕಡ್ಡಾಯವಾಯಿತು. 2010ರಲ್ಲಿ ಬಿ.ಎಸ್. 3 ದೇಶದ ತುಂಬ, 2017ರ ಏಪ್ರಿಲ್‌ನಲ್ಲಿ ಬಿ.ಎಸ್. 4, 2020ರ ಏಪ್ರಿಲ್‌ನಲ್ಲಿ ನೇರ ಬಿ.ಎಸ್. 6. ಪರದೆ ಮೇಲೆ 'ಪಿ 0087' ಅಂತ ಬಂದರೆ ರೈಲಿನ ಒತ್ತಡ ಕಡಿಮೆ ಅಂತ ಅರ್ಥ. ಅಷ್ಟೇ ಅರ್ಥ. ಕಾರಣ ಕಟ್ಟಿದ ಡೀಸೆಲ್ ಫಿಲ್ಟರ್ ಇರಬಹುದು, ಗಾಳಿ ಎಳೆಯುವ ಕ್ಲಿಪ್ಪು ಇರಬಹುದು, ನೀರು ಸೇರಿದ ಡೀಸೆಲ್, ಸೋರುವ ಇಂಜೆಕ್ಟರ್, ಒತ್ತಡ ಅಳೆಯುವ ಸೆನ್ಸರ್, ಕೊನೆಗೆ ಪಂಪು. ಕೆಲವು ನೂರು ರೂಪಾಯಿಯಿಂದ ಹಲವು ಹತ್ತು ಸಾವಿರದವರೆಗೆ ಎಲ್ಲವೂ ಒಂದೇ ಸಂಖ್ಯೆಯ ಅಡಿಯಲ್ಲಿ. ಡಾಕ್ಟರ ಬಳಿ ಜ್ವರಮಾಪಿ 102 ತೋರಿಸಿದ ಹಾಗೆ. ಜ್ವರ ಇದೆ ಅನ್ನುವುದು ಸತ್ಯ, ಯಾವ ಜ್ವರ ಅನ್ನುವುದನ್ನು ಅದು ಹೇಳದು. ಸ್ಕ್ಯಾನರ್ ಬಂದ ಮೇಲೆ ನಮ್ಮ ಕಡೆ ಆಗಿರುವ ನಷ್ಟ ಯಂತ್ರದಿಂದ ಅಲ್ಲ, ಸಂಖ್ಯೆ ಓದಿದ ತಕ್ಷಣ ಯೋಚನೆ ನಿಲ್ಲಿಸುವುದರಿಂದ.

ಅಗ್ಗದಿಂದ ದುಬಾರಿಯ ಕಡೆಗೆ ಹುಡುಕುತ್ತ ಹೋಗುವ ಹಳೇ ಮೇಸ್ತ್ರಿಯ ಕ್ರಮ ಇಲ್ಲೂ ಸಲ್ಲುತ್ತದೆ. ಫಿಲ್ಟರ್ ಬುಡದ ತಿರುಪು ಬಿಚ್ಚಿ ನೀರು ಇಳಿಸಿ ನೋಡುವುದಕ್ಕೆ ಖರ್ಚೇ ಇಲ್ಲ. ಕ್ಯಾನಿನಲ್ಲಿ ತುಂಬಿಟ್ಟ ಡೀಸೆಲ್ ಬಳಸುವವರು, ಮಳೆಗಾಲದಲ್ಲಿ ವಿಶೇಷವಾಗಿ, ಇದನ್ನು ಮರೆಯಬಾರದು. ಹಳೇ ಪಂಪು ಸ್ವಲ್ಪ ನೀರು ತಡೆದುಕೊಳ್ಳುತ್ತಿತ್ತು, ಕಾಮನ್ ರೈಲ್ ತಡೆಯುವುದಿಲ್ಲ.

ದಮ್ಮಿಲ್ಲ ಅಂದಾಗ

ದಮ್ಮಿಲ್ಲ ಅನ್ನುವ ದೂರಿನಲ್ಲಿ ಎಂಜಿನ್ನೇ ತಪ್ಪಿತಸ್ಥ ಆಗಿರಬೇಕು ಅಂತಿಲ್ಲ. ಏರಿನಲ್ಲಿ ಎಂಜಿನ್ ಸದ್ದು ಏರಿ ಗಾಡಿ ಮಾತ್ರ ಮುಂದೆ ಹೋಗದಿದ್ದರೆ ಕ್ಲಚ್ ಪ್ಲೇಟು ಜಾರುತ್ತಿದೆ. ಓಡಿಸಿ ನಿಲ್ಲಿಸಿದಾಗ ಒಂದು ಚಕ್ರದ ನಡುಭಾಗ ಮುಟ್ಟಲಾರದಷ್ಟು ಕಾದಿದ್ದರೆ ಬ್ರೇಕ್ ಕಚ್ಚಿಕೊಂಡಿದೆ. ಇವೆರಡಕ್ಕೂ ಇಂಜೆಕ್ಟರಿಗೂ ಸಂಬಂಧವಿಲ್ಲ.

ಎಂಜಿನ್ನಿನದೇ ಆದರೆ ಮೊದಲು ಗಾಳಿ. ಕೆಮ್ಮಣ್ಣಿನ ರಸ್ತೆಯಲ್ಲಿ ಓಡುವ ಗಾಡಿಯ ಏರ್ ಫಿಲ್ಟರ್ ಕಂಪನಿ ಹೇಳಿದ ಕಿಲೋಮೀಟರಿಗೆ ಮುಂಚೆಯೇ ಕಟ್ಟುತ್ತದೆ. ಟರ್ಬೊ ಇರುವ ಗಾಡಿಯಲ್ಲಿ ಟರ್ಬೊದಿಂದ ಎಂಜಿನ್ನಿಗೆ ಹೋಗುವ ದಪ್ಪ ರಬ್ಬರ್ ಪೈಪು ಸೀಳಿದರೆ 'ಉಸ್' ಸದ್ದು, ಕರಿ ಹೊಗೆ, ಎಳೆತ ಅರ್ಧ. ಪೈಪಿನ ಸುತ್ತ ಎಣ್ಣೆ ಒಸರಿದ ಗುರುತು ಕಣ್ಣಿಗೇ ಕಾಣುತ್ತದೆ. ಇದನ್ನು ನೋಡದೆ ಟರ್ಬೊ ಬದಲಿಸಿದರೆ ದುಡ್ಡು ದಂಡ. ಹೊಗೆಯನ್ನು ಸ್ವಲ್ಪ ವಾಪಸ್ ಎಂಜಿನ್ನಿಗೆ ಕಳಿಸುವ ಇ.ಜಿ.ಆರ್. ವಾಲ್ವ್ ಮಸಿ ಕಟ್ಟಿ ತೆರೆದೇ ಉಳಿದರೂ ಇದೇ ಲಕ್ಷಣ. ಗಾಡಿ ಇದ್ದಕ್ಕಿದ್ದಂತೆ ಒಂದು ಮಿತಿಗಿಂತ ಮೇಲೆ ಹೋಗದೆ, ಆಫ್ ಮಾಡಿ ಆನ್ ಮಾಡಿದರೆ ಸರಿಹೋದರೆ, ಅದು ಕಂಪ್ಯೂಟರ್ ಎಂಜಿನ್ನನ್ನು ಉಳಿಸಲು ತಾನೇ ಹಾಕಿದ ಕಡಿವಾಣ. ಇಂಥ ಕಡೆ ಸ್ಕ್ಯಾನರ್ ನಿಜಕ್ಕೂ ಬೇಕು.

ನಾವೆಲ್ಲ ಡೀಸೆಲ್ ಗಾಡಿಯನ್ನೇ ಯಾಕೆ ಕೊಂಡೆವು ಅನ್ನುವುದಕ್ಕೆ ಉತ್ತರ ಬೆಲೆಯಲ್ಲಿತ್ತು. 2012ರ ಮೇ ಕೊನೆಯಲ್ಲಿ ದೆಹಲಿಯಲ್ಲಿ ಪೆಟ್ರೋಲ್ ಲೀಟರಿಗೆ 73 ರೂಪಾಯಿ ದಾಟಿದ್ದಾಗ ಡೀಸೆಲ್ 41ರ ಆಸುಪಾಸು. 2014ರ ಅಕ್ಟೋಬರ್‌ನಲ್ಲಿ ಸರ್ಕಾರ ಡೀಸೆಲ್ ಬೆಲೆಯ ಹಿಡಿತ ಬಿಟ್ಟಿತು, ಅಂತರ ಕರಗಿತು. 2020ರಲ್ಲಿ ಮಾರುತಿ ಡೀಸೆಲ್ ಕಾರುಗಳನ್ನೇ ನಿಲ್ಲಿಸಿತು. ಸಿಟಿಯವರು ಮಾರಿದ ಡೀಸೆಲ್ ಗಾಡಿಗಳು ಹಳ್ಳಿಗೆ ಬಂದವು, ಇನ್ನೂ ಬರುತ್ತಿವೆ. ಬಿ.ಎಸ್. 6 ಗಾಡಿಗಳೂ ಈಗ ಆ ಸಾಲಿಗೆ ಸೇರುತ್ತಿವೆ.

ಅವುಗಳ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಡಿ.ಪಿ.ಎಫ್. ಎಂಬ ಜರಡಿ ಇರುತ್ತದೆ. ಕೂಡಿದ ಮಸಿಯನ್ನು ಗಾಡಿ ತಾನೇ ಸುಟ್ಟುಕೊಳ್ಳಬೇಕಾದರೆ ಎಂಜಿನ್ ಚೆನ್ನಾಗಿ ಕಾದು, ಒಂದೇ ವೇಗದಲ್ಲಿ ಸ್ವಲ್ಪ ಹೊತ್ತು ಓಡಬೇಕು. ಮನೆಯಿಂದ ಡೇರಿಗೆ, ಡೇರಿಯಿಂದ ತೋಟಕ್ಕೆ, ದಿನಕ್ಕೆ ಮೂರು ಕಿಲೋಮೀಟರ್ ಓಡುವ ಗಾಡಿಗೆ ಆ ಅವಕಾಶವೇ ಸಿಗುವುದಿಲ್ಲ. ಜರಡಿ ಕಟ್ಟುತ್ತದೆ, ದೀಪ ಹೊತ್ತುತ್ತದೆ, ದಮ್ಮು ಹೋಗುತ್ತದೆ. ದೀಪ ಆಗತಾನೇ ಹೊತ್ತಿದ್ದರೆ ಗಾಡಿಯ ಪುಸ್ತಕದಲ್ಲಿ ಹೇಳಿದಂತೆ ರಿಂಗ್ ರೋಡಿನಂಥ ತೆರೆದ ರಸ್ತೆಯಲ್ಲಿ ಇಪ್ಪತ್ತು ಮಿನಿಟು ಒಂದೇ ಹದದಲ್ಲಿ ಓಡಿಸಿದರೆ ಸಾಮಾನ್ಯವಾಗಿ ಆರುತ್ತದೆ. ವಾರಗಟ್ಟಲೆ ಹಾಗೇ ಬಿಟ್ಟಮೇಲೆ ಆರುವುದಿಲ್ಲ. ಆಗ ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿ ಸುಡಿಸಬೇಕು, ಅದೂ ಆಗದಿದ್ದರೆ ಜರಡಿ ಬಿಚ್ಚಿ ತೊಳೆಸಬೇಕು. ಕೊಯ್ದು ತೆಗೆದುಬಿಡಿ ಅನ್ನುವವರೂ ಸಿಗುತ್ತಾರೆ. ಹಾಗೆ ತೆಗೆಸುವುದು ಕಾನೂನಿಗೆ ವಿರುದ್ಧ. ಊರೊಳಗೆ ಮಾತ್ರ ಓಡಿಸುವುದಕ್ಕೆ ಬಿ.ಎಸ್. 6 ಡೀಸೆಲ್ ಗಾಡಿ ಕೊಳ್ಳಲು ಹೊರಟಿರುವವರು ಮುಂಗಡ ಕೊಡುವ ಮುಂಚೆ ಈ ಜರಡಿಯ ಸ್ಥಿತಿಯನ್ನು ಸ್ಕ್ಯಾನರಿನಲ್ಲಿ ತೋರಿಸಲು ಕೇಳಿ.